ಫಲಿತಾಂಶ: ತೃಪ್ತಿಕರ

ಎದುರಿನ ಸೀಟಿನವಳು ಬಟಾಣಿ ಸುಲಿಯುತ್ತಿದ್ದಾಳೆ, ಹೆಬ್ಬೆರಳ ಉಗುರು ತಾಗಿದ್ದೇ ತಡ ಸಿಪ್ಪೆ ಟಪ್ಪೆಂದು ಬಾಯಿ ಬಿಡುತ್ತದೆ, ಕಾಳು ಒಂದು ಚೀಲಕ್ಕೆ, ಸಿಪ್ಪೆ ಇನ್ನೊಂದಕ್ಕೆ, ಕೈಯ ಕಡೆ ನೋಡುವುದೂ ಇಲ್ಲ ಅವಳು, ಕಣ್ಣು ಕಿಟಕಿಯಾಚೆ ಐರೋಲಿಯ ಗಾಜಿನ ಕಟ್ಟಡಗಳ ಮೇಲೆ, ಮನೆ ಮುಟ್ಟುವಷ್ಟರಲ್ಲಿ ಪಲ್ಯಕ್ಕೆ ಆಗುವಷ್ಟು ಕಾಳು ತಯಾರು — ಈ ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ ಎಲ್ಲರೂ ಏನಾದರೊಂದು ಮಾಡುತ್ತಲೇ ಇರುತ್ತಾರೆ, ಒಬ್ಬಳು ತಲೆ ಬಾಚುತ್ತಾಳೆ, ಒಬ್ಬಳು ಫೋನಿನಲ್ಲಿ ಅತ್ತೆಯ ಜತೆ ಮರಾಠಿಯಲ್ಲಿ ಜಗಳವಾಡುತ್ತಾಳೆ, ನಾನೊಬ್ಬಳೇ ಸುಮ್ಮನೆ ಕೂತಿದ್ದೇನೆ, ಸುಮ್ಮನೆ ಎಲ್ಲಿ, ಹಲ್ಲು ಕಚ್ಚಿಕೊಂಡು, ಪಕ್ಕದಲ್ಲಿ ಅಮ್ಮ, ಅವಳ ತೊಡೆಯ ಮೇಲೆ ಮೆಂತೆ ಗಂಜಿಯ ಡಬ್ಬಿ, ಕಾಮೋಠೆಯ ತಂಗಿಗೆ, ಪ್ರಣೀತಾಳಿಗೆ, ಹೆತ್ತು ಐದು ತಿಂಗಳಾದರೂ ಅಮ್ಮನ ಲೆಕ್ಕದಲ್ಲಿ ಅವಳಿನ್ನೂ ಬಾಣಂತಿ. ಡೊಂಬಿವಲಿಯಿಂದ ಬಂದು ಠಾಣೆಯಲ್ಲಿ ಇಳಿದಾಗ ಅಮ್ಮ ಸೇತುವೆಯ ಕೆಳಗೆ ಕಾಯುತ್ತಿದ್ದಳು, ಪನ್ವೇಲ್ ಗಾಡಿಗೆ ಇನ್ನೂ ಹೊತ್ತಿತ್ತು, ನನ್ನ ಕುರ್ತಾದ ತೋಳು ಹಿಡಿದುಕೊಂಡು ಹೇಳಿದಳು, ನೀನೊಂದು ಮಾತು ಹೇಳಿದ್ರೆ ಸಾಕು ಮಾನೂ, ಡಾಕ್ಟ್ರ ಎದುರು, ನಂಗೂ ಸಣ್ಣದಿರುವಾಗ ಆಪರೇಷನ್ ಆಗಿದೆ, ಈಗ ಎಂಥದೂ ತೊಂದರೆ ಇಲ್ಲ ಅಂತ, ಯೋಗೀಶನಿಗೆ ಒಂದು ಧೈರ್ಯ ಬರ್ತದೆ, ಅಷ್ಟೇ. ಅಷ್ಟೇ. ನಾನು ಅವರಿಗೆಲ್ಲ ಒಂದು ಸಾಕ್ಷಿ, ನಡೆದಾಡುವ ಸಾಕ್ಷಿ, ಕಲ್ಯಾಣದ ಶಾಲೆಯಲ್ಲಿ ಪಿ.ಟಿ. ಟೀಚರ್, ಮೈದಾನದ ಈ ತುದಿಯಿಂದ ಕೂಗಿದರೆ ಆ ತುದಿಯ ಹುಡುಗಿಯರು ಸಾಲಾಗಿ ನಿಲ್ಲುತ್ತಾರೆ, ಸ್ವಂತ ಸಂಬಳ, ಸ್ವಂತ ಬಾಡಿಗೆ ಮನೆ, ನೋಡಿ ಎಷ್ಟು ಚೆನ್ನಾಗಿದ್ದಾಳೆ, ಕತ್ತಿ ತಾಗಿದ್ದರಿಂದಲೇ ಚೆನ್ನಾಗಿದ್ದಾಳೆ ಎನ್ನುವ ಹಾಗೆ.

ನಾನು ಹೇಳುವುದಿಲ್ಲ. ಹಾಗಂತ ಅಮ್ಮನಿಗೆ ಹೇಳಿದೆನಾ, ಇಲ್ಲ, ಗಾಡಿ ಬಂತು, ನುಗ್ಗಿದೆವು, ಕಿಟಕಿ ಸಿಕ್ಕಿತು, ಈಗ ಘನ್ಸೋಲಿ, ಕೋಪರಖೈರಣೆ, ಬಿಸಿಲು ಕಂಬಿಗಳ ನಡುವೆ ಮಡಿಲಿಗೆ ಬೀಳುತ್ತಿದೆ — ಬ್ಯಾಗಿನಲ್ಲಿ ಮಾತ್ರೆಯ ಡಬ್ಬಿ ಇದೆಯಾ, ಇದೆ, ಮುಟ್ಟಿ ನೋಡಿದೆ, ಇದೊಂದು ನನ್ನ ಜನ್ಮಕ್ಕೆ ಅಂಟಿದ ಚಾಳಿ, ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತ ಒಂದು ಗ್ರಂಥಿ, ಅದು ಮಾಡಬೇಕಾದ ರಸ ಮಾಡುವುದಿಲ್ಲ, ಬೇಡದ್ದನ್ನು ಹೆಚ್ಚು ಮಾಡುತ್ತದೆ, ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ, ಹಾಗಾಗಿ ಒಳಗೆಲ್ಲ ಹೆಣ್ಣಾಗಿಯೇ ಬೆಳೆಯುವ ಮಗುವಿನ ಹೊರಗಿನ ಜನನಾಂಗ ಮಾತ್ರ ಹೆಣ್ಣಿನ ಹಾಗೂ ಇಲ್ಲ ಗಂಡಿನ ಹಾಗೂ ಇಲ್ಲ, ಹುಟ್ಟಿದ ಕೂಡಲೇ ಸೂಲಗಿತ್ತಿಯೋ ನರ್ಸೋ ಏನು ಮಗು ಎಂದು ಕೂಗಬೇಕಾದ ಜಾಗದಲ್ಲಿ ಸುಮ್ಮನಾಗುತ್ತಾಳೆ, ಆ ಮೌನದಲ್ಲಿ ನಾನು ಹುಟ್ಟಿದೆ, ಪ್ರಣೀತಾಳ ಮಗುವೂ. ಅದೊಂದು ಕಾಯಿಲೆ ಎಂದರೆ ಕಾಯಿಲೆ, ಮಾತ್ರೆ ತಪ್ಪಿದರೆ ಮೈಯ ಉಪ್ಪೆಲ್ಲ ಸೋರಿಹೋಗಿ ಸಾಯುತ್ತೇವೆ, ಅದಕ್ಕೆ ನಾನು ಮಾತ್ರೆ ನುಂಗುತ್ತೇನೆ, ದಿನಾ, ತಕರಾರಿಲ್ಲದೆ, ಸಣ್ಣವಳಿದ್ದಾಗ ಮಕ್ಕಳ ಅಳತೆಯ ಮಾತ್ರೆ ಸಿಗುತ್ತಿರಲಿಲ್ಲ, ಅಪ್ಪ ವರ್ತಕ ನಗರದ ಕಂಪನಿ ಕ್ಯಾಂಟೀನಿನಿಂದ ಬಂದು ಕೈ ತೊಳೆದು ಪೇಪರ್ ಹಾಸಿ ದಾಡಿಯ ಬ್ಲೇಡಿನಿಂದ ಮಾತ್ರೆಯನ್ನು ಕಾಲು ಕಾಲಾಗಿ ತುಂಡು ಮಾಡುತ್ತಿದ್ದ, ಉಸಿರು ಬಿಡದೆ, ಪುಡಿ ಹಾರೀತೆಂದು, ಅಪ್ಪನ ಹೆಸರು ಬೂಬ, ಕ್ಯಾಂಟೀನಿನಲ್ಲಿ ಬೂಬಣ್ಣ, ಈ ವಿಷಯ ಅಂತ ಒಂದು ಮಾತು ಇವತ್ತಿನ ತನಕ ನನ್ನ ಹತ್ತಿರ ಆಡಿದವನಲ್ಲ, ಆದರೆ ಆ ಬ್ಲೇಡು ಹಿಡಿದ ಬೆರಳುಗಳು — ಆ ಬ್ಲೇಡಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇನ್ನೊಂದರ ಮೇಲೆ. ನಾನು ಸೆರೆಲ್ಯಾಕ್ ತಿನ್ನುವ ವಯಸ್ಸಿನಲ್ಲಿ, ಮುಂಬೈಯ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಯಾರದೋ ಕಣ್ಣಿಗೆ ಸರಿ ಕಾಣಬೇಕೆಂದು, ಹೆಣ್ಣೆಂದರೆ ಹೀಗಿರಬೇಕು ಎಂಬ ಯಾರದೋ ಅಂದಾಜಿಗೆ ಹೊಂದಬೇಕೆಂದು, ಕತ್ತರಿಸಿ ಹೊಲಿದರು, ಆಮೇಲೆ ಹೈಸ್ಕೂಲಿನಲ್ಲಿರುವಾಗ ಇನ್ನೊಂದು ಸಲ, ಮೊದಲಿನದ್ದು ಬಿಗಿಯಾಗಿದೆ ಅಂತ, ಹರ್ನಿಯಾ ಮಗಾ ಹರ್ನಿಯಾ ಎಂದಳು ಅಮ್ಮ, ನೌಪಾಡಾದ ಗೆಳತಿಯರಿಗೆ ಹಾಗೇ ಹೇಳಿದೆ, ಗಂಡಸರಿಗೆ ಬರೋದಲ್ವಾ ಅದು ಎಂದು ಒಬ್ಬಳು ಕೇಳಿದಳು, ಹೆಂಗಸರಿಗೂ ಬರ್ತದೆ ಎಂದೆ, ಎಷ್ಟು ಜೋರಾಗಿ ಎಂದೆ, ಜೋರಾಗಿ ಹೇಳಿದರೆ ನಿಜವಾಗುತ್ತದೆ ಎಂದು ಆಗಲೇ ಕಲಿತಿದ್ದೆ. ವರ್ಷಕ್ಕೊಮ್ಮೆ ಚೆಕಪ್, ಪರದೆ ಸರಿಯುವುದು, ದೊಡ್ಡ ಡಾಕ್ಟರರ ಹಿಂದೆ ಬಿಳಿ ಕೋಟುಗಳು, ಪೆನ್ನುಗಳು, ನನ್ನ ಮುಖ ನೋಡಿದವರು ಅವರಲ್ಲಿ ಯಾರೂ ಇಲ್ಲ, ಮುಖ ಅವರಿಗೆ ಬೇಕಾಗಿರಲಿಲ್ಲ, ನಾನು ಮೇಲಿನ ಫ್ಯಾನಿನ ಕಡೆ ನೋಡಿ ಮಲಗುತ್ತಿದ್ದೆ, ಮೈ ಅಲ್ಲಿ ಬಿಟ್ಟು ಫ್ಯಾನಿಗೆ ಹೋಗಿ ಕೂರುತ್ತಿದ್ದೆ.

ಜುಯಿನಗರ, ನೇರುಳ್, ಬಟಾಣಿಯವಳು ಇಳಿದು ಹೋದಳು, ಸೀಟಿನ ಮೇಲೆ ಒಂದು ಕಾಳು ಉಳಿದಿದೆ, ಗಾಡಿ ಅಲ್ಲಾಡಿದ ಹಾಗೆ ಅದೂ ಉರುಳಾಡುತ್ತದೆ. ಅಮ್ಮ ತುಳುವಿನಲ್ಲಿ ಏನೋ ಗೊಣಗಿದಳು, ಕೇಳಿಸಲಿಲ್ಲ, ಕೇಳಿಸಿಕೊಳ್ಳಲಿಲ್ಲ. ಯೋಗೀಶ ಭಾವ ಕೆಟ್ಟವನಲ್ಲ, ಅದು ನನಗೆ ಗೊತ್ತು, ಅದೇ ಕಷ್ಟ, ಕೆಟ್ಟವರ ಜತೆ ಜಗಳ ಸುಲಭ, ಅಮ್ಮನ ಅಣ್ಣನ ಮಗ, ಚಿಕ್ಕಂದಿನಿಂದ ನಮ್ಮ ಮನೆಯಲ್ಲೇ ಉಂಡು ಬೆಳೆದವನು, ನೌಪಾಡಾದ ಹೋಟೆಲಿನಲ್ಲಿ ಮ್ಯಾನೇಜರ್, ಸಂಬಂಧದೊಳಗೇ ಆಗಲಿ ಎಂದು ಹಿರಿಯರು ಪ್ರಣೀತಾಳನ್ನು ಕೊಟ್ಟರು, ಸಂಬಂಧದೊಳಗೆ ಕೊಟ್ಟದ್ದರಿಂದಲೇ ಇದು ಮತ್ತೆ ಬಂತು ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರಂತೆ, ಎರಡೂ ಕಡೆಯಿಂದ ಒಂದೊಂದು ಕಾಣದ ಚೂರು ಬಂದು ಸೇರಬೇಕು, ನನ್ನಲ್ಲಿ ಸೇರಿದ ಹಾಗೆ, ಮಗುವಿನಲ್ಲಿ ಸೇರಿದೆ. ಹುಟ್ಟಿದ ಎರಡನೇ ವಾರ ಮಗು ಹಾಲು ಕಕ್ಕಲು ಶುರು ಮಾಡಿತು, ಕಣ್ಣು ಗುಳಿಬಿದ್ದು, ಮೈ ಪ್ಲಾಸ್ಟಿಕ್ ತೊಟ್ಟೆಯ ಹಾಗೆ ಮೆತ್ತಗಾಗಿ, ಪ್ರಣೀತಾ ನನಗೆ ಫೋನ್ ಮಾಡಿ ಅಕ್ಕಾ ಬಾ ಅಂದಳು, ಆಗ, ನಾವೀಗ ಹೊರಟಿರುವ ಆಸ್ಪತ್ರೆಯಲ್ಲೇ, ರಕ್ತ ನೋಡಿದ ಕೂಡಲೇ ಇದೇ ಎಂದು ಹಿಡಿದವರು ಡಾಕ್ಟರ್ ಸುಶ್ರುತ, ಬೆಂಗಳೂರಿನವರು, ನನಗಿಂತ ಸ್ವಲ್ಪವೇ ದೊಡ್ಡವರು, ರಾತ್ರಿ ಹಗಲು ಎನ್ನದೆ ಕೂತು ಉಪ್ಪುನೀರು ಏರಿಸಿ ಔಷಧಿ ಕೊಟ್ಟು ಮಗುವನ್ನು ಬದುಕಿಸಿದರು, ಅದನ್ನು ನಾನು ಮರೆಯುವುದಿಲ್ಲ, ಅವರ ಕೈಗೆ ನಮಸ್ಕಾರ, ಆದರೆ ಬದುಕಿಸಿದ ಕೈ ಈಗ ಇನ್ನೊಂದಕ್ಕೆ ಚಾಚಿದರೆ ಅದಕ್ಕೂ ನಮಸ್ಕಾರ ಹಾಕಬೇಕಾ. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲು ಬರುತ್ತಿದ್ದ ಕೆಲಸದ ಹೆಂಗಸನ್ನು ಭಾವ ಬಿಡಿಸಿದ, ಅವಳು ಕೆಳಗಿನ ಮಹಡಿಯಲ್ಲಿ ಏನಾದರೂ ಆಡಿಯಾಳು ಎಂದು, ಈಗ ಬೆಡ್‌ರೂಮಿನ ಬಾಗಿಲು ಹಾಕಿ ತಾನೇ ಮೀಯಿಸುತ್ತಾನೆ, ಹೋಟೆಲಿನ ಕೆಲಸಕ್ಕೆ ತಡವಾದರೂ ಸರಿ, ಆ ಗಂಡಸು ಒದ್ದೆ ತೋಳಿನಲ್ಲಿ ಮಗುವಿನ ತಲೆ ಹಿಡಿದು ನೀರು ಹೊಯ್ಯುವುದನ್ನು ಬಾಗಿಲ ಸಂದಿಯಲ್ಲಿ ನಾನು ನೋಡಿದ್ದೇನೆ, ಪ್ರೀತಿಯೂ ಹೆದರಿಕೆಯೂ ಒಂದೇ ಕೈಯಲ್ಲಿ. ಹೆಸರಿಟ್ಟಿಲ್ಲ ಇನ್ನೂ. ಆಪರೇಷನ್ ಆದ ಮೇಲೆ ಇಡುವಾ ಎಂದಿದ್ದಾನೆ. ಹೆಣ್ಣೆಂದು ರಕ್ತ ಹೇಳಿದೆ, ಸ್ಕ್ಯಾನ್ ಹೇಳಿದೆ, ಆದರೂ ಹೆಸರಿಗೆ ಹೊಲಿಗೆ ಬೀಳಬೇಕು.

ಮಾನಸರೋವರ ಸ್ಟೇಷನ್ನಿನಿಂದ ರಿಕ್ಷಾ, ಧೂಳು, ಹೊಸ ಕಟ್ಟಡಗಳ ಕಂಬಿ, ಆಸ್ಪತ್ರೆಯ ಬಾಗಿಲು ತನ್ನಷ್ಟಕ್ಕೆ ತೆರೆದುಕೊಂಡಿತು, ಒಳಗೆ ಆ ವಾಸನೆ, ನೆಲ ಒರೆಸುವ ಔಷಧಿಯದ್ದು, ಅಷ್ಟು ವರ್ಷದ ಮೇಲೂ ನನ್ನ ಕಾಲುಗಳು ತಾವಾಗಿಯೇ ಹತ್ತಿರ ಹತ್ತಿರ ಬಂದವು, ತೊಡೆ ಬಿಗಿಯಾಯಿತು, ನಾನು ಮೈದಾನದಲ್ಲಿ ಹುಡುಗಿಯರಿಗೆ ಹೇಳುವ ಹಾಗೆ ನನಗೇ ಹೇಳಿಕೊಂಡೆ, ಕಾಲು ಅಗಲ, ಬೆನ್ನು ನೇರ, ಉಸಿರು. ಪ್ರಣೀತಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಾರಿಡಾರಿನಲ್ಲಿ ಅತ್ತಿತ್ತ ನಡೆಯುತ್ತಿದ್ದಾಳೆ, ಕಣ್ಣ ಕೆಳಗೆ ಕಪ್ಪು, ಭಾವ ಬೆಂಚಿನ ತುದಿಯಲ್ಲಿ, ಬಾ ಮಾನಸಿ ಎಂದ, ಅತ್ತೆ ಕೂತ್ಕೊಳ್ಳಿ ಎಂದು ಅಮ್ಮನಿಗೆ ಜಾಗ ಬಿಟ್ಟ. ಮಗು ನನ್ನ ಕಿವಿಯ ರಿಂಗು ಹಿಡಿದು ಎಳೆಯಿತು, ಗಟ್ಟಿ ಹಿಡಿತ, ಬಿಡಿಸಿಕೊಳ್ಳುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು ನನಗೆ. ಕಳೆದ ವಾರ ಡಾಕ್ಟರ್ ಸುಶ್ರುತ ನನಗೆ ಫೋನ್ ಮಾಡಿದ್ದರು, ಬಹಳ ಮರ್ಯಾದೆಯಿಂದ, ನೋಡಿ ಮೇಡಂ, ನಮ್ಮದೊಂದು ಅಧ್ಯಯನ ನಡೀತಿದೆ, ಹೊರಗಿನ ಜನನಾಂಗದ ಬೆಳವಣಿಗೆಯಲ್ಲಿ ವ್ಯತ್ಯಾಸ ಇರೋ ಮಕ್ಕಳು, ಮೂವತ್ತು ವರ್ಷದ ಹಿಂದೆ ಆಪರೇಷನ್ ಆದವರು ಈಗ ಹೇಗಿದಾರೆ ಅಂತ, ನಮ್ಮ ಗುರುಗಳು ಮಾಡಿದ ಕೇಸುಗಳಲ್ಲಿ ನಿಮ್ಮದೂ ಒಂದು, ಆಗಲೇ ಎಲ್ಲ ಒಟ್ಟಿಗೆ ಪ್ರಕಟ ಆಗಿದೆ, ಫಲಿತಾಂಶ ತೃಪ್ತಿಕರ ಅಂತ ಇದೆ, ನೀವೊಂದು ಸಲ ಪರೀಕ್ಷೆಗೆ ಬಂದರೆ ತುಂಬಾ ಉಪಕಾರ ಆಗತ್ತೆ. ತೃಪ್ತಿಕರ. ಫೋನಿಟ್ಟ ಮೇಲೆ ಆ ಪದವನ್ನು ಬಾಯಲ್ಲಿ ಇಟ್ಟುಕೊಂಡು ಡೊಂಬಿವಲಿಯ ಮಾರ್ಕೆಟ್ ಸುತ್ತಿದೆ, ಯಾರಿಗೆ ತೃಪ್ತಿ, ಯಾರು ಉಂಡು ತೇಗಿದ್ದು, ನನ್ನನ್ನು ಕೇಳಿದವರು ಯಾರು, ನಾನಾಗ ಮಾತೇ ಕಲಿತಿರಲಿಲ್ಲ.

ಡಾಕ್ಟರರ ಕೋಣೆ ಸಣ್ಣದು, ಐದು ಜನ ಮತ್ತು ಒಂದು ಮಗು ಕೂತರೆ ಮೊಣಕಾಲು ಮೊಣಕಾಲಿಗೆ ತಾಗುತ್ತದೆ, ಸುಶ್ರುತ ನಿಧಾನವಾಗಿ ವಿವರಿಸಿದರು, ಒಂದೇ ಸಲಕ್ಕೆ ಮುಗಿಯತ್ತೆ, ಮಗು ಚಿಕ್ಕದಿದ್ದಾಗ ಮಾಡಿದ್ರೆ ಗಾಯ ಬೇಗ ಮಾಯತ್ತೆ, ಅದಕ್ಕೆ ನೆನಪೂ ಇರಲ್ಲ. ನೆನಪೂ ಇರಲ್ಲ — ಅಮ್ಮ ನನ್ನ ಕಡೆ ನೋಡಿದಳು, ಈಗ ಹೇಳು ಎಂಬ ಹಾಗೆ, ಭಾವನೂ ನೋಡಿದ. ಆಗಿನ ಟೆಕ್ನಿಕ್ ಬೇರೆ ಈಗಿಂದು ಬೇರೆ ಎಂದು ಹೇಳುತ್ತ ಡಾಕ್ಟರು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು, ತರಗತಿಯಲ್ಲಿ ಪಾಠ ಮಾಡುವವರ ಅಭ್ಯಾಸ, ಇದು ನಮ್ಮ ಗುರುಗಳ ಹಳೆ ಕೇಸು, ಹೆಸರೆಲ್ಲ ಇರಲ್ಲ, ನಂಬರ್ ಮಾತ್ರ — ಮಾಸಿದ ಬಣ್ಣದ ಪಟ, ಹಸಿರು ಬಟ್ಟೆಯ ಮೇಲೆ ಒಂದು ಕೂಸು, ಕೈಗೆ ಕಪ್ಪು ಬಿಳಿ ಮಣಿಯ ಬಳೆ, ನಮ್ಮ ಕಡೆ ಕೂಸುಗಳಿಗೆ ದೃಷ್ಟಿಗೆ ಕಟ್ಟುವಂಥದ್ದು, ಪಟದ ಅಂಚಿನಲ್ಲಿ ಯಾವುದೋ ಹೆಂಗಸಿನ ಕೈ, ಕೂಸಿನ ಪಾದ ಹಿಡಿದದ್ದು, ಕೈಯಲ್ಲಿ ಹಸಿರು ಗಾಜಿನ ಬಳೆ, ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಕಲೆ, ಆ ಕಲೆ, ಕಾವಲಿ ತಾಗಿದ್ದು, ನಾನು ದಿನಾ ನೋಡಿದ ಕಲೆ, ಈಗಲೂ ನನ್ನ ಪಕ್ಕದಲ್ಲಿ ಗಂಜಿಯ ಡಬ್ಬಿಯ ಮೇಲೆ ಒತ್ತಿ ಕೂತಿರುವ ಕಲೆ. ಮತ್ತೆ ಕೂಸಿನ ಕಣ್ಣುಗಳ ಮೇಲೆ ಒಂದು ಕಪ್ಪು ಪಟ್ಟಿ. ದಪ್ಪದ್ದು, ಸ್ಕೇಲ್ ಇಟ್ಟು ಎಳೆದ ಹಾಗೆ. ಎಲ್ಲವನ್ನೂ ತೆರೆದಿಟ್ಟು ಕಣ್ಣನ್ನು ಮುಚ್ಚಿದ್ದರು, ಮುಚ್ಚಬೇಕಾದದ್ದು ಯಾವುದು ಎಂದು ಯಾರಿಗೂ ಹೊಳೆದಿರಲಿಲ್ಲ, ಇಡೀ ಮೈ ಪ್ರಪಂಚದ್ದು, ಕಣ್ಣು ಮಾತ್ರ ನಾಚಿಕೆಯದ್ದು, ಗುಟ್ಟಿನದ್ದು, ಆ ಕಪ್ಪು ಪಟ್ಟಿ, ಎಷ್ಟು ಊರಿನ ಎಷ್ಟು ತರಗತಿಯ ಗೋಡೆಯ ಮೇಲೆ ನಾನು ಕಣ್ಣಿಲ್ಲದೆ ಬಿದ್ದುಕೊಂಡಿದ್ದೆನೋ, ಯಾರು ಯಾರು ತಲೆಯಾಡಿಸಿದರೋ, ಹೌದು ತೃಪ್ತಿಕರ.

ಅದನ್ನು ಮುಚ್ಚಿ ಡಾಕ್ಟ್ರೇ, ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅದು ನಾನು, ಎಂದೆ. ಸುಶ್ರುತರ ಕೈ ಮೌಸನ್ನು ಹುಡುಕಿ ತಪ್ಪಿ ಮತ್ತೆ ಹುಡುಕಿತು, ಪರದೆ ಕಪ್ಪಾಯಿತು, ಕ್ಷಮಿಸಿ ಮೇಡಂ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅವರ ಮುಖ ಬಿಳಿಚಿಕೊಂಡಿತ್ತು, ಗೊತ್ತಿರಲಿಲ್ಲ ಎನ್ನುವುದು ಸುಳ್ಳಲ್ಲ, ಹೇಗೆ ಗೊತ್ತಾಗಬೇಕು, ಕಣ್ಣೇ ಇಲ್ಲದ ಕೂಸನ್ನು ಯಾರು ಗುರುತು ಹಿಡಿಯುತ್ತಾರೆ. ಅಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡಳು, ಭಾವ ಎದ್ದು ನಿಂತ, ಮಾನಸಿ ಈಗ ಇದೆಲ್ಲ ಬೇಡ ಎಂದ, ಬೇಕು ಭಾವ, ಈಗಲೇ ಬೇಕು, ನೀವು ನನ್ನನ್ನು ಕರೆದದ್ದು ಸಾಕ್ಷಿಗೆ, ಸಾಕ್ಷಿ ಹೇಳಿಯೇ ಹೋಗುತ್ತೇನೆ. ನನ್ನ ಸ್ವರ ಮೈದಾನದ್ದಾಗಿತ್ತು, ಹೊರಗೆ ಕಾಯುತ್ತಿದ್ದವರಿಗೂ ಕೇಳಿರಬೇಕು, ಕೇಳಲಿ, ಇಷ್ಟು ವರ್ಷ ಪಿಸುಮಾತಿನಲ್ಲೇ ಕೊಳೆತದ್ದು ಸಾಕು. ಪರೀಕ್ಷೆಗೆ ನಾನು ಮಲಗುವುದಿಲ್ಲ ಡಾಕ್ಟ್ರೇ, ಇನ್ನು ಯಾರ ಎದುರೂ ಇಲ್ಲ, ಆದರೆ ಹೇಳುತ್ತೇನೆ, ನೀವು ನಿಮ್ಮ ಅಧ್ಯಯನದಲ್ಲಿ ಸೇರಿಸಿ, ನನ್ನ ಮಾತಿನಲ್ಲೇ. ಗಾಯ ಮಾಯ್ದಿದೆ, ನಿಜ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟಾಗ ತುಟಿ ನಮ್ಮದೋ ಬೇರೆಯವರದೋ ಅನ್ನಿಸುವುದಿಲ್ಲವಾ, ಹಾಗೆ ನನ್ನ ಮೈಯ ಒಂದು ಜಾಗ ಯಾವಾಗಲೂ ಬೇರೆಯವರದ್ದು, ಸುತ್ತಲೂ ಮಾತ್ರ ನೋವು, ಚಳಿಗಾಲದಲ್ಲಿ ಹೊಲಿಗೆ ಎಳೆಯುತ್ತದೆ, ಮೂತ್ರಕ್ಕೆ ಸೋಂಕು ಮತ್ತೆ ಮತ್ತೆ, ಹಿತೇಶ್ ಅಂತ ಒಬ್ಬ ಒಳ್ಳೆಯವನು ಇದ್ದ, ಮದುವೆಯಾಗುತ್ತೇನೆಂದ, ಎಲ್ಲ ಹೇಳಿದೆ, ಪರವಾಗಿಲ್ಲ ಎಂದ, ಅವನು ನಿಜವನ್ನೇ ಹೇಳಿದ್ದ, ಮುಟ್ಟಿದರೆ ಫ್ಯಾನಿನ ಮೇಲೆ ಹೋಗಿ ಕೂರುವವಳು ನಾನು, ಬೇಡವೆಂದದ್ದು ನಾನೇ. ನೆನಪಿರುವುದಿಲ್ಲ ಎಂದಿರಿ, ಮನಸ್ಸಿಗೆ ಇಲ್ಲ, ಮೈಗೆ ಇದೆ, ನಿಮ್ಮ ಬಾಗಿಲು ದಾಟುವಾಗ ಇವತ್ತೂ ನನ್ನ ಕಾಲು ಕೂಡಿಕೊಂಡವು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ, ಬೇಕೆಂದು ಮಾಡಿಸಿಕೊಂಡು ಸುಖವಾಗಿರುವವರೂ ಇರಬಹುದು, ಅವರು ಬೇಕೆಂದರು, ನನ್ನನ್ನು ಕೇಳಲೇ ಇಲ್ಲ, ಅಷ್ಟೇ ನನ್ನ ಫಲಿತಾಂಶ.

ಡಾಕ್ಟರು ಬರೆದುಕೊಳ್ಳಲಿಲ್ಲ, ಪೆನ್ನು ಹಿಡಿದು ಸುಮ್ಮನೆ ಕೇಳುತ್ತಿದ್ದರು, ಅವರು ಕೇಳಿದ್ದು ನನಗೆ ಗೊತ್ತಾಯಿತು, ಕೆಲವರು ಕೇಳುವಾಗ ಕಣ್ಣು ಮಿಟುಕಿಸುವುದನ್ನೂ ಮರೆಯುತ್ತಾರೆ. ಭಾವ ಇನ್ನೂ ನಿಂತೇ ಇದ್ದ, ಸ್ವರ ಒಡೆದಿತ್ತು ಅವನದ್ದು, ನಿನಗೆ ಗೊತ್ತಿಲ್ಲ ಮಾನಸಿ, ನಾಳೆ ಶಾಲೆಗೆ ಹೋದಾಗ, ಟಾಯ್ಲೆಟ್ಟಿಗೆ ಹೋದಾಗ ಯಾರಾದ್ರೂ ನೋಡಿದ್ರೆ, ನಗಾಡಿದ್ರೆ, ಆಗ ಅವಳು ನನ್ನ ಕೇಳ್ತಾಳೆ, ಅಪ್ಪಾ ಸಣ್ಣದಿರುವಾಗ್ಲೇ ಸರಿ ಮಾಡಿಸ್ಬಹುದಿತ್ತಲ್ಲ ಅಂತ, ನಾನೆಂಥ ಹೇಳ್ಲಿ. ಅವನು ಅಳುತ್ತಿದ್ದ, ನೌಪಾಡಾದ ಹೋಟೆಲಿನಲ್ಲಿ ಇಪ್ಪತ್ತು ಜನರನ್ನು ಕಣ್ಸನ್ನೆಯಲ್ಲೇ ನಡೆಸುವ ಗಂಡಸು, ನಾನು ಅವನ ಕೈ ಹಿಡಿಯಬೇಕಿತ್ತು, ಹಿಡಿಯಲಿಲ್ಲ, ಆಗ ಹಿಡಿದಿದ್ದರೆ ನನ್ನ ಮಾತು ಸಡಿಲವಾಗುತ್ತಿತ್ತು. ಕಾದಿದ್ದೆ, ನಿನಗಾಗಿ ಕಾದೆ ಮಗಾ ಅಂತ ಹೇಳಿ, ಎಂದೆ. ನಗುವವರ ಬಾಯಿ ಹೊಲಿಯುವುದು ಬಿಟ್ಟು ಕೂಸಿನ ಮೈ ಹೊಲಿಯುವುದು ಯಾವ ನ್ಯಾಯ ಎಂದು ಕೂಡ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಪ್ರಣೀತಾ, ಅಷ್ಟು ಹೊತ್ತೂ ಮಗುವಿನ ಬೆನ್ನು ತಟ್ಟುತ್ತ ನೆಲ ನೋಡುತ್ತಿದ್ದವಳು, ಸಣ್ಣಂದಿನಿಂದ ನನ್ನ ಹಿಂದೆ ಅಡಗಿ ನಿಂತವಳು, ಮುಖವೆತ್ತಿ ನನ್ನನ್ನಲ್ಲ ಗಂಡನನ್ನಲ್ಲ ಡಾಕ್ಟರರನ್ನು ಕೇಳಿದಳು, ಡಾಕ್ಟ್ರೇ, ಮಾಡದಿದ್ರೆ ಇವಳ ಜೀವಕ್ಕೆ ಏನಾದ್ರೂ ಉಂಟಾ. ಸುಶ್ರುತ ಹೇಳಿದರು, ಇಲ್ಲಮ್ಮ, ಜೀವಕ್ಕೆ ಬೇಕಾಗಿರೋದು ಮಾತ್ರೆ, ಅದು ತಪ್ಪಬಾರದು, ಜ್ವರ ಬಂದ್ರೆ ಹೆಚ್ಚು ಕೊಡಬೇಕು. ಮೂತ್ರ ಹೋಗ್ಲಿಕ್ಕೆ ತೊಂದ್ರೆ ಉಂಟಾ, ತಂಗಿ ಕೇಳಿದಳು. ಸರಾಗವಾಗಿ ಹೋಗ್ತಿದೆ, ಮುಂದೆ ತೊಂದರೆ ಬಂದ್ರೆ ಆವಾಗ ನೋಡಬೇಕಾಗತ್ತೆ, ದೊಡ್ಡವಳಾಗೋ ಹೊತ್ತಿಗೆ ಕೂಡ ಒಂದು ಸಲ ನೋಡಬೇಕು, ಈಗ ಅವಸರ ಇಲ್ಲ. ಮತ್ತೆ ಈಗ ಮಾಡೋದು ಯಾರಿಗೋಸ್ಕರ, ಎಂದಳು ಪ್ರಣೀತಾ. ಅವರು ಭಾವನ ಕಡೆ ನೋಡಿದರು, ಅಮ್ಮನ ಕಡೆ, ಕಪ್ಪಾದ ಪರದೆಯ ಕಡೆ, ಆಮೇಲೆ ಅದು ನಿಜವಾದ ಪ್ರಶ್ನೆ ಅಮ್ಮಾ ಎಂದರು, ಅಷ್ಟೇ. ತಂಗಿ ಎದ್ದಳು. ಹಾಗಾದ್ರೆ ಇವಳು ದೊಡ್ಡವಳಾಗ್ಲಿ, ಇವಳನ್ನೇ ಕೇಳುವಾ. ಭಾವ ಬಾಗಿಲು ತೆರೆದು ಹೊರಟುಹೋದ, ಬಾಗಿಲು ತನ್ನಷ್ಟಕ್ಕೆ ನಿಧಾನವಾಗಿ ಮುಚ್ಚಿಕೊಂಡಿತು.

ಹೊರಡುವ ಮೊದಲು ಪಟದ ವಿಷಯ ಕೇಳಿದೆ, ಕೇಳದೆ ಬಿಡುತ್ತೇನಾ, ಅಳಿಸಿ ಎಂದೆ. ನಮ್ಮಲ್ಲಿರೋದನ್ನೆಲ್ಲ ತೆಗೀತೀನಿ ಮೇಡಂ, ಪಾಠದಲ್ಲಿ ಇನ್ನು ತೋರಿಸಲ್ಲ, ಆದರೆ ಅಚ್ಚಾಗಿರೋದನ್ನು ವಾಪಸ್ ತರೋಕೆ ನನ್ನ ಕೈಲಿ ಆಗಲ್ಲ, ಎಂದರು, ಸುಳ್ಳು ಹೇಳಲಿಲ್ಲ, ಅದೊಂದು ಮೆಚ್ಚಿದೆ. ನೀವು ಹೇಳಿದ್ದನ್ನ ಹಾಗೇ ಸೇರಿಸ್ತೀನಿ, ಗುರುಗಳಿಗೆ ಇಷ್ಟವಾಗಲ್ಲ, ಆದರೂ. ಸೇರಿಸಿ, ಎಂದೆ, ತೃಪ್ತಿಕರ ಅನ್ನೋದನ್ನು ಮೊದಲು ಹೊಡೆದು ಹಾಕಿ. ಕೆಳಗೆ ಗೇಟಿನ ಹತ್ತಿರ ಭಾವ ರಿಕ್ಷಾ ನಿಲ್ಲಿಸಿಕೊಂಡು ನಿಂತಿದ್ದ, ಯಾರ ಮುಖವನ್ನೂ ನೋಡಲಿಲ್ಲ, ಪ್ರಣೀತಾಳ ಕೈಯಿಂದ ಮಗುವಿನ ಚೀಲ ತೆಗೆದುಕೊಂಡ, ಮಗುವಿಗೆ ಬಿಸಿಲು ಬೀಳದ ಹಾಗೆ ರಿಕ್ಷಾದ ಪರದೆ ಎಳೆದ, ನನ್ನ ಹತ್ತಿರ ಮಾತಿಲ್ಲ, ಇನ್ನೆಷ್ಟು ದಿನ ಇಲ್ಲವೋ, ಇರಲಿ, ಸಿಟ್ಟು ಅವನದ್ದು, ಅದನ್ನೂ ಅವನೇ ಇಟ್ಟುಕೊಳ್ಳಲಿ, ಮಗುವಿನ ಮೈ ಮಗುವಿನ ಹತ್ತಿರ ಉಳಿಯಿತಲ್ಲ, ಇಡೀ, ನಾನು ಸ್ಟೇಷನ್ನಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ, ಅಮ್ಮ ಹಿಂದೆ ಉಳಿದಳು, ನಿಂತು ಕಾದೆ.

ಈಗ ಠಾಣೆ ಗಾಡಿ, ಖಾರ್ಘರ್ ದಾಟಿತು, ಮಧ್ಯಾಹ್ನದ ಹೊತ್ತು ಲೇಡೀಸ್ ಡಬ್ಬಿ ಖಾಲಿ, ಹಿಡಿಕೆಗಳು ಒಟ್ಟಿಗೆ ಆಚೀಚೆ ತೂಗುತ್ತವೆ, ಗಂಜಿಯ ಡಬ್ಬಿ ಹಾಗೇ ವಾಪಸ್ ಬಂದಿದೆ, ಕೊಡಲು ಮರೆತಿದ್ದಾಳೆ, ಅಮ್ಮನ ಮೇಲೆ ಸಿಟ್ಟು ಮಾಡಬೇಕೆಂದು ಎಷ್ಟು ವರ್ಷದಿಂದ ಜೋಡಿಸಿಟ್ಟ ಮಾತುಗಳಿವೆ ನನ್ನ ಹತ್ತಿರ, ಇವತ್ತು ಎಲ್ಲ ಹೇಳಿಬಿಡುವ ದಿನ, ಹರ್ನಿಯಾ ಅಂದೆಯಲ್ಲ, ಪರದೆ ಸರಿದಾಗ ಹೊರಗೆ ನಿಂತೆಯಲ್ಲ, ಯಾರಿಗೂ ಹೇಳ್ಬೇಡ ಅಂದೆಯಲ್ಲ, ಶುರು ಮಾಡಬೇಕು, ಬೇಲಾಪುರ ದಾಟಲಿ, ಸೀವುಡ್ಸ್ ದಾಟಲಿ — ನಾಳೆ ಹುಡುಗಿಯರ ಖೋ ಖೋ ಮ್ಯಾಚ್ ಇದೆ, ಮೈದಾನಕ್ಕೆ ಸುಣ್ಣದ ಗೆರೆ ಹಾಕಿಸಬೇಕು, ಮಧ್ಯಾಹ್ನದ ಮಾತ್ರೆ ನುಂಗಬೇಕು, ನುಂಗಿದೆ, ನೀರಿಲ್ಲದೆ, ಗಂಟಲಲ್ಲಿ ಕಹಿ, ಅಷ್ಟರಲ್ಲಿ ಮತ್ತೆ ಅದು, ಆ ಕಪ್ಪು ಪಟ್ಟಿ, ಕಿಟಕಿಯಾಚೆ ಸೇತುವೆಯ ನೆರಳು ಹಾದುಹೋದರೆ ಅದೇ, ಕಣ್ಣು ಮುಚ್ಚಿದರೆ ಅದೇ, ಅದರ ಕೆಳಗೆ ಏನಿತ್ತು, ಆ ಕೂಸು ಅಳುತ್ತಿತ್ತಾ, ಫ್ಯಾನು ನೋಡುತ್ತಿತ್ತಾ, ಆಗಲೇ ಕಲಿತಿತ್ತಾ ಫ್ಯಾನಿಗೆ ಹೋಗುವುದನ್ನು. ಅಮ್ಮ ನನ್ನ ಕಡೆ ತಿರುಗದೆ, ಎದುರಿನ ಖಾಲಿ ಸೀಟಿಗೆ ಹೇಳುವ ಹಾಗೆ ಹೇಳಿದಳು, ಆ ಪಟ ತೆಗೆಯುವಾಗ ನಾನು ಬೇಡ ಅಂದೆ ಮಾನೂ, ನನ್ನ ಮಾತು ಅವರಿಗೆ ಅರ್ಥ ಆಗ್ಲಿಲ್ಲ, ನಂಗೆ ಆಗ ಹಿಂದಿಯೂ ಸರಿ ಬರ್ತಿರ್ಲಿಲ್ಲ, ತುಳುವಿನಲ್ಲೇ ಅಂದೆ, ಬೊಡ್ಚಿ ಬೊಡ್ಚಿ ಅಂತ, ನರ್ಸು ನನ್ನ ಕೈಯಲ್ಲಿ ನಿನ್ನ ಕಾಲು ಹಿಡಿಸಿದ್ಳು, ಅಲ್ಲಾಡದ ಹಾಗೆ ಹಿಡ್ಕೊ ಅಂತ, ಹಿಡ್ಕೊಂಡೆ. ಗಾಡಿ ತಿರುವಿನಲ್ಲಿ ಕಿರುಚಿತು. ನೀನು ಅಳ್ಲಿಲ್ಲ, ಲೈಟು ನೋಡ್ಲಿಲ್ಲ, ಅವರನ್ನು ನೋಡ್ಲಿಲ್ಲ, ಅಷ್ಟು ಹೊತ್ತೂ ನನ್ನನ್ನೇ ನೋಡ್ತಾ ಇದ್ದಿ. ನಾನು ಜೋಡಿಸಿಟ್ಟ ಮಾತುಗಳು — ಬೇಡ ಎಂದು ಅವಳೂ ಹೇಳಿದ್ದಳು, ಯಾರಿಗೂ ಅರ್ಥವಾಗದ ಭಾಷೆಯಲ್ಲಿ, ನನ್ನ ಇವತ್ತಿನ ಸ್ವರ ಎಲ್ಲಿಂದ — ಸುಟ್ಟ ಕಲೆಯ ಕೈ ನನ್ನ ಮಡಿಲಿಗೆ ಬಂದಿದೆ, ನಾನು ಹಿಡಿದಿಲ್ಲ, ಸರಿಸಿಯೂ ಇಲ್ಲ, ನೇರುಳ್ ಬಂತು, ಯಾರೋ ಹತ್ತಿದರು, ಯಾರೋ ಸರಿಯಿರಿ ಎಂದರು, ಸರಿದೆ, ಅದು ಸರಿಯುವುದಿಲ್ಲ, ಕಪ್ಪು ಪಟ್ಟಿ, ಅದರ ಕೆಳಗೆ ಎರಡು ಕಣ್ಣು, ತೆರೆದಿವೆ, ಅಮ್ಮನನ್ನೇ ನೋಡುತ್ತಿವೆ, ಕಪ್ಪು ಪಟ್ಟಿ, ಅದರ ಕೆಳಗೆ ಎರಡು ಕಣ್ಣು